ಸುತ್ತಿಗೆ ಹಿಡಿದ ಕೈಗಳು ಒಂದಾಗಲಿ

ಬಿಎಸ್‌ಸಿಯಲ್ಲಿ ಭೂವಿಜ್ಞಾನ ತೆಗೆದುಕೊಂಡವರೆಲ್ಲ ಒಂದಲ್ಲ ಒಂದು ದಿನ ಕೇಳಿಸಿಕೊಂಡಿರುವ ಪ್ರಶ್ನೆ ಒಂದಿದೆ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನ ಸೀಟಿನಲ್ಲಿ, ಸ್ಕಾಲರ್‌ಶಿಪ್ ಅರ್ಜಿ ಕೊಡಲು ಹೋದ ಕೌಂಟರಿನಲ್ಲೂ ಅದೇ ರಾಗ: "ಕಲ್ಲು ಓದಿ ಏನ್ ಮಾಡ್ತೀಯಪ್ಪಾ?" ತರಗತಿಯಲ್ಲಿ ಕುಳಿತವರು ಬೆರಳೆಣಿಕೆಯಷ್ಟು. ಧಾರವಾಡದಲ್ಲಿ ಓದುವವರಿಗೆ ಮೈಸೂರಿನವರ ಪರಿಚಯವಿಲ್ಲ. ಕರಾವಳಿಯ ಮರಳನ್ನು ಜರಡಿ ಹಿಡಿಯುವವರಿಗೆ ಸಂಡೂರಿನ ಕಬ್ಬಿಣದ ಗುಡ್ಡ ಹತ್ತಿದವರ ಮುಖ ಗೊತ್ತಿಲ್ಲ. ಒಬ್ಬೊಬ್ಬರೇ ನಿಂತಾಗ ಆ ಪ್ರಶ್ನೆಗೆ ಉತ್ತರ ತಡವರಿಸುತ್ತದೆ. ಒಟ್ಟಾಗಿ ನಿಂತರೆ?

ಗೆಳೆಯರೇ, ಗೆಳತಿಯರೇ, ನಾವು ಎಂಥ ನೆಲದ ಮೇಲೆ ನಿಂತಿದ್ದೇವೆ ಎಂಬುದನ್ನು ಒಮ್ಮೆ ನೆನೆಯಿರಿ. ಹತ್ತೊಂಬತ್ತನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಶಿಲೆಗಳಿಗೆ ಧಾರವಾಡದ ಹೆಸರಿಟ್ಟ. ಇಂದು ಭೂಮಿಯ ಬಾಲ್ಯವನ್ನು ಓದುವ ಜಗತ್ತಿನ ಯಾವ ವಿದ್ಯಾರ್ಥಿಯೂ ಆ ಹೆಸರನ್ನು ದಾಟಿ ಹೋಗುವಂತಿಲ್ಲ. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರವನ್ನು ಹೊತ್ತ ಬಂಡೆಗೆ ಸುಮಾರು 300 ಕೋಟಿ ವರ್ಷ. ಜನ ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾರೆ. ತಿನ್ನಲಿ, ಆದರೆ ತಾವು ಯಾವುದರ ಮೇಲೆ ಕೂತಿದ್ದೇವೆಂದು ಅವರಿಗೆ ಹೇಳುವವರು ಯಾರು? ಮಲ್ಪೆಯ ಆಚೆ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದ ಬೆಂಕಿಯಲ್ಲಿ ಹುಟ್ಟಿದವು. ದೋಣಿ ಏರಿ ಹೋಗುವ ಪ್ರವಾಸಿಗಳಿಗೆ ಈ ಕತೆಯನ್ನು ಕನ್ನಡದಲ್ಲಿ ಹೇಳುವವರು ಯಾರು?

ನೀವೇ. ಮತ್ಯಾರೂ ಅಲ್ಲ.

ಚಿತ್ರದುರ್ಗಕ್ಕೆ ಹೋಗುವವರೆಲ್ಲ ಕೋಟೆ ನೋಡಿ ಬರುತ್ತಾರೆ. ನೀವು ಅಲ್ಲಿಂದ ತುಸು ದೂರದ ಮರಡಿಹಳ್ಳಿಗೂ ಹೋಗಿ. ಅಲ್ಲಿರುವುದು ದಿಂಬು ಲಾವಾ. 250 ಕೋಟಿ ವರ್ಷಕ್ಕೂ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ, ನೀರು ತಾಗಿದೊಡನೆ ಹೊರಮೈ ಗಟ್ಟಿಯಾಗಿ, ಒಳಗಿನ ಕುದಿ ಆ ಸಿಪ್ಪೆಯನ್ನು ಸೀಳಿ ಇನ್ನೊಂದು ಉಂಡೆಯಾಗಿ ಹೊರಳಿ, ಹೀಗೆ ಒಂದರ ಮೇಲೊಂದು ಪೇರಿಸಿಕೊಂಡಿತು. ಇಂಥ ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ. ಕೆಳಭಾಗ ಅಡಿಯಲ್ಲಿರುವ ಎರಡು ದಿಂಬುಗಳ ಸಂದಿಗೆ ಬಾಲದಂತೆ ಇಳಿದಿರುತ್ತದೆ. ಆ ಬಾಲ ಎತ್ತ ಚಾಚಿದೆ ಎಂದು ನೋಡಿ, ಈ ಶಿಲಾಪದರ ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ಎಂದು ಎರಡನೇ ವರ್ಷದ ಹುಡುಗಿಯೊಬ್ಬಳು ನಿಂತಲ್ಲೇ ಹೇಳಬಲ್ಲಳು. ಬರಿಗಣ್ಣು ಸಾಕು. ಕೋಟಿ ರೂಪಾಯಿಯ ಉಪಕರಣ ಬೇಕಿಲ್ಲ. (ಅಂದಹಾಗೆ, ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುತ್ತಿಗೆ ಚೀಲದೊಳಗೇ ಇರಲಿ.)

ಅದೇ ಜಿಲ್ಲೆಯ ಚಳ್ಳಕೆರೆ ಬಳಿ, ಉಳ್ಳಾರ್ತಿಯ ಬಯಲಿನಲ್ಲಿ, ಚಂದ್ರಯಾನದ ಲ್ಯಾಂಡರ್‌ನ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋ ಚಂದ್ರನ ಕುಳಿಗಳಂಥ ಕುಳಿಗಳನ್ನು ತೋಡಿಸಿತು. ಚಂದ್ರನ ಮಣ್ಣಿನ ನಕಲು ಬೇಕಾದಾಗ ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಶಿಲೆಯನ್ನು ಪುಡಿ ಮಾಡಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು. ಪ್ರಜ್ಞಾನ್ ರೋವರ್ ಅಳೆದ ಮಣ್ಣಿನಲ್ಲೂ ಸಿಕ್ಕಿದ್ದು ಬಹುತೇಕ ಅನಾರ್ಥೊಸೈಟ್ ಬಗೆಯ ಸಂಯೋಜನೆಯೇ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಿಮ್ಮ ಕೈಗೆ ಕೊಡುವ ಆ ಬಿಳಿಚು ಕಲ್ಲಿಗೂ ಆಕಾಶದಲ್ಲಿ ಕಾಣುವ ಆ ಬೆಳಕಿಗೂ ಇರುವ ನಂಟು ಇದು. ಗ್ರಹವಿಜ್ಞಾನ ನಮ್ಮಂಥವರಿಗಲ್ಲ ಎಂದು ಹೇಳಿದವರು ಯಾರು? 2019ರಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಕಳೆದುಹೋದಾಗ ಅದರ ಅವಶೇಷದ ಸುಳಿವು ಹಿಡಿದವರು ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್. ನಾಸಾ ಸಾರ್ವಜನಿಕರಿಗೆ ತೆರೆದಿಟ್ಟ ಚಿತ್ರಗಳನ್ನು ಬಿಡುವಿನ ವೇಳೆಯಲ್ಲಿ ಕೂತು ಹೋಲಿಸಿದರು, ಅಷ್ಟೇ. ಚಂದ್ರಯಾನ-2ರ ಮಾಹಿತಿ ಇಂದು ಎಲ್ಲರಿಗೂ ತೆರೆದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನಕ್ಷೆಗಳು 'ಭೂಕೋಶ್'ನಲ್ಲಿವೆ. ಬಾಗಿಲು ತೆರೆದೇ ಇದೆ. ಒಳಗೆ ಹೋಗುವ ಜೊತೆಗಾರರು ಬೇಕು.

ಹಾಗಾಗಿ ಒಂದು ಬಳಗ ಕಟ್ಟಿ. ಸುತ್ತೋಲೆ ಬರಲೆಂದು ಕಾಯಬೇಡಿ. ಉದ್ಘಾಟನೆ, ಹಾರ, ಶಾಲು, ಅಧ್ಯಕ್ಷರ ಪಟ್ಟಕ್ಕೆ ಜಗಳ, ಇವೆಲ್ಲ ದೊಡ್ಡವರಿಗೇ ಇರಲಿ. ಕಳೆದ ವರ್ಷ ಫೀಲ್ಡಿಗೆ ಹೋದವರು ಈ ವರ್ಷ ಹೋಗುವವರಿಗೆ ತಮ್ಮ ನೋಟ್‌ಬುಕ್ ಕೊಡಲಿ. ಒಂದು ಕಾಲೇಜಿನ ಒಳ್ಳೆಯ ಮೈಕ್ರೋಸ್ಕೋಪ್ ಪಕ್ಕದ ಕಾಲೇಜಿನವರಿಗೂ ದಕ್ಕಲಿ. ಒಬ್ಬರಿಗೆ ಅರ್ಥವಾಗದ ಪ್ರಬಂಧವನ್ನು ಐವರು ಕೂತು ಕನ್ನಡದಲ್ಲಿ ಬಿಡಿಸಿಕೊಳ್ಳಲಿ. 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದವರಲ್ಲಿ ಮುಂದೆ ನಿಂತ ಬಿ.ಪಿ. ರಾಧಾಕೃಷ್ಣ ಅದರ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಸಂಘಗಳು ಉಳಿಯುವುದು ಹಾಗೆ: ಯಾರೋ ಒಬ್ಬರು ಬೇಸರಿಸದೆ ಮುಂದಿನ ಸಂಚಿಕೆ ತರುತ್ತಾರೆ.

ಮತ್ತು ಈ ನೆಲಕ್ಕೆ ನಾವು ಸಲ್ಲಿಸಬೇಕಾದ ಋಣವೊಂದಿದೆ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ಶಿಲೆಯೊಳಗಿನ ಫ್ಲೋರೈಡ್ ನೀರಿಗೆ ಬೆರೆತು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಎಳೆಯುತ್ತಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಬರೆ ಕುಸಿದು ಊರುಗಳೇ ಚದುರಿದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರು. ಗುಡ್ಡದ ಬುಡವನ್ನು ನೇರವಾಗಿ ಕಡಿದರೆ, ಮಳೆನೀರು ಹೊರಹೋಗುವ ದಾರಿಗಳನ್ನು ಮುಚ್ಚಿದರೆ, ನೀರು ಕುಡಿದ ಮಣ್ಣು ಎಷ್ಟು ದಿನ ನಿಂತೀತು? ಗುಡ್ಡ ಅನೇಕ ಬಾರಿ ಮುನ್ಸೂಚನೆ ಕೊಡುತ್ತದೆ. ನೆಲ ಬಿರುಕು ಬಿಡುತ್ತದೆ, ಮರಗಳು ವಾಲುತ್ತವೆ, ಮೊದಲು ಇಲ್ಲದ ಕಡೆ ಕೆಸರುನೀರಿನ ಒರತೆ ಹುಟ್ಟುತ್ತದೆ. ಅದನ್ನು ಓದಲು ಕಲಿತವರು ನೀವು. ಮಲೆನಾಡಿನಲ್ಲಿ ಹುಟ್ಟಿ ಭೂವಿಜ್ಞಾನ ಓದುತ್ತಿರುವ ಹುಡುಗ ತನ್ನ ಊರಿನ ಗುಡ್ಡವನ್ನೇ ಓದದಿದ್ದರೆ ಮತ್ಯಾರು ಓದಬೇಕು?

ಜೂನ್‌ನಲ್ಲಿ ಮುಂಗಾರು ಕಾಲಿಡುತ್ತದೆ. ಅಷ್ಟರೊಳಗೆ ನಿಮ್ಮ ತಾಲ್ಲೂಕಿನಲ್ಲಿ ಕಡಿದ ಗುಡ್ಡಗಳನ್ನು, ಬಿರುಕುಗಳನ್ನು ನಕ್ಷೆಗೆ ಇಳಿಸಿ. ಬಿರುಕಿನ ಎರಡೂ ಬದಿಗೆ ಗೂಟ ನೆಟ್ಟು, ನಡುವಿನ ಅಂತರವನ್ನು ವಾರವಾರ ಅಳೆಯಿರಿ. ಮಳೆ ಹಿಡಿದ ಮೇಲೆ ಮಾತ್ರ ಅತ್ತ ಸುಳಿಯಬೇಡಿ. ಅಂತರ ಬೆಳೆಯುತ್ತಿದ್ದರೆ ಅಂದೇ ಪಂಚಾಯಿತಿಗೂ ತಹಶೀಲ್ದಾರರಿಗೂ ಬರೆದು ಕೊಡಿ, ಪ್ರತಿಗೆ ಮುದ್ರೆ ಒತ್ತಿಸಿಕೊಳ್ಳಿ. ಎರಡು ಗೂಟ, ಒಂದು ಟೇಪು, ಮೂವರು ಗೆಳೆಯರು. ಮೊದಲ ತಂಡಕ್ಕೆ ಇಷ್ಟು ಸಾಕು. ಹೊರಡಿ.