ಬೆಟ್ಟದ ದಾರಿ ಕೇಳಿದ ಕಾರ್ಮಿಕ
(ಕಾರ್ಮಿಕರ ಕಬಡ್ಡಿ ಪಂದ್ಯಗಳ ಆರಂಭದಲ್ಲಿ ಮಾಡಿದ ಭಾಷಣ)



ನಾನು ಆಟಗಾರನಲ್ಲ. ಕಬಡ್ಡಿಯ ವಿಷಯ ಹೇಳಲು ನಿಂತರೆ ನೀವೇ ನನ್ನನ್ನು ಗೆರೆಯಾಚೆ ಎಳೆದು ಹಾಕುತ್ತೀರಿ. ಆದ್ದರಿಂದ ದೂರದ ಊರಿನ ಒಬ್ಬ ಕೆಲಸಗಾರರ ನೆನಪು ಮಾಡಿ ಕುಳಿತುಕೊಳ್ಳುತ್ತೇನೆ. ಅವರ ಹೆಸರು ಬೆನ್ನಿ ರಾಥ್‌ಮನ್. ಊರು ಇಂಗ್ಲೆಂಡಿನ ಮ್ಯಾಂಚೆಸ್ಟರ್.

ಮ್ಯಾಂಚೆಸ್ಟರ್ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಚಳವಳಿಯಲ್ಲಿ ಬೆಂಕಿಗೆ ಹಾಕಿದ ಪರದೇಶಿ ಬಟ್ಟೆ. ಆ ಬಟ್ಟೆ ನೇಯುತ್ತಿದ್ದವರಿಗೂ ಸಾಲದ ಕೂಲಿ, ಹೊಗೆ ಕವಿದ ಓಣಿ ಇದ್ದವು ಎಂಬುದು ನಮಗೆ ಅಷ್ಟಾಗಿ ಹೊಳೆಯಲಿಲ್ಲ. ಗಾಂಧೀಜಿಗೆ ಹೊಳೆದಿತ್ತು. 1931ರಲ್ಲಿ ಅವರು ಲ್ಯಾಂಕಾಶೈರಿಗೇ ಹೋಗಿ ಅಲ್ಲಿನ ಮಿಲ್ಲಿನವರನ್ನು ಕಂಡು ಬಂದರು. ಅದರ ಮರುವರ್ಷ ನಡೆದದ್ದು ನಾನು ಹೇಳುವ ಸಂಗತಿ.

ರಾಥ್‌ಮನ್ ಹುಟ್ಟಿದ್ದು 1911ರಲ್ಲಿ, ರುಮೇನಿಯದಿಂದ ವಲಸೆ ಬಂದ ಯೆಹೂದಿ ಕುಟುಂಬದಲ್ಲಿ. ತಂದೆ ಸಂತೆ ವ್ಯಾಪಾರಿ. ಹುಡುಗ ಜಾಣ, ವಿದ್ಯಾರ್ಥಿವೇತನವೂ ದೊರೆತಿತ್ತು. ಆದರೂ ಮನೆಯ ಕಷ್ಟ ನೋಡಿ ಎಳೆ ವಯಸ್ಸಿಗೇ ಶಾಲೆ ಬಿಟ್ಟು ಮೋಟಾರು ಗ್ಯಾರೇಜಿಗೆ ಸೇರಿದರು. ಬಿಡಿಭಾಗ ಕೂಡಿಸಿ ಒಂದು ಸೈಕಲ್ ಮಾಡಿಕೊಂಡರು. 16ನೆಯ ಹುಟ್ಟುಹಬ್ಬಕ್ಕೆ ಒಬ್ಬರೇ ವೇಲ್ಸಿನವರೆಗೆ ಸೈಕಲ್ ತುಳಿದು ಸ್ನೋಡನ್ ಬೆಟ್ಟ ಹತ್ತಿದರು. ಅಂದು ಹತ್ತಿದ ಬಯಲಿನ ಹುಚ್ಚು ಕೊನೆಯವರೆಗೂ ಬಿಡಲಿಲ್ಲ.

ಅಮೆಚೂರ್ ಎಂಬ ಮಾತಿದೆ. ದುಡ್ಡಿಗಲ್ಲದೆ ಪ್ರೀತಿಗೆ ಆಡುವವನು ಎಂದು ಅರ್ಥ. ಒಳ್ಳೆಯ ಮಾತೇ. ಆದರೆ ಇಂಗ್ಲೆಂಡಿನ ದೊಡ್ಡವರು ಅದನ್ನೂ ಬೇಲಿ ಮಾಡಿಕೊಂಡಿದ್ದರು. 1866ರಲ್ಲಿ ಅವರ ಅಥ್ಲೆಟಿಕ್ ಕ್ಲಬ್ಬು ಬರೆದ ನಿಯಮದ ಪ್ರಕಾರ ಮೆಕ್ಯಾನಿಕ, ಕುಶಲಕರ್ಮಿ, ಕೂಲಿ, ಇವರಾರೂ ಅಮೆಚೂರ್ ಅಲ್ಲ! ಓಟದ ಪಂದ್ಯಗಳಲ್ಲಿ ಈ ನಿಯಮ 1880ರ ಹೊತ್ತಿಗೆ ಹೋಯಿತು. ದೋಣಿ ಪಂದ್ಯಗಳಲ್ಲಿ ಮಾತ್ರ 1930ರ ದಶಕದ ಕೊನೆಯವರೆಗೂ ಅಂಟಿಕೊಂಡಿತ್ತು. ಕೈಕೆಲಸ ಮಾಡುವವನ ತೋಳಿಗೆ ಬಲ ಹೆಚ್ಚು, ಅವನು ಇಳಿದರೆ ಧಣಿಗಳ ಮಕ್ಕಳು ಸೋತಾರು ಎಂಬ ಭಯ ಇರಬೇಕು.

ಇಂಥ ದೇಶದಲ್ಲಿ ಕಾರ್ಮಿಕರು 1923ರಲ್ಲಿ ತಮ್ಮದೇ ಒಂದು ಕ್ರೀಡಾ ಒಕ್ಕೂಟ ಕಟ್ಟಿಕೊಂಡರು. ರಾಥ್‌ಮನ್ ಲ್ಯಾಂಕಾಶೈರಿನಲ್ಲಿ ಅದರ ಕಾರ್ಯದರ್ಶಿಯಾದರು. ಕೆಲಸ ಏನು? ಚೀಟಿ ಹಂಚುವುದು, ಡೇರೆ ಹೊಂದಿಸುವುದು, ಹುಡುಗ ಹುಡುಗಿಯರನ್ನು ಕೂಡಿಸಿ ಬಿಡುವಿನ ದಿನ ಹೊಗೆಯಿಂದ ಆಚೆ ಕರೆದೊಯ್ಯುವುದು.

ಆಚೆ ಹೋದರೆ ಅಲ್ಲಿ ಬೇಲಿ. ಮ್ಯಾಂಚೆಸ್ಟರಿನ ಹತ್ತಿರದ ಕಿಂಡರ್ ಸ್ಕೌಟ್ ಬೆಟ್ಟ ಸುಮಾರು 636 ಮೀಟರ್ ಎತ್ತರ. ಅದರ ಮೇಲಿನ ಬಯಲು ದೊಡ್ಡ ಜಮೀನುದಾರರ ಕೈಯಲ್ಲಿತ್ತು. ವರ್ಷಕ್ಕೆ ಕೆಲವು ದಿನ ಗ್ರೌಸ್ ಎಂಬ ಹಕ್ಕಿಯ ಬೇಟೆ. ಆ ಹಕ್ಕಿಗಾಗಿ ಉಳಿದ ದಿನವೂ ಮನುಷ್ಯರಿಗೆ ಪ್ರವೇಶವಿಲ್ಲ. 1932ರ ಈಸ್ಟರ್ ರಜೆಯಲ್ಲಿ ಒಕ್ಕೂಟದ ಶಿಬಿರದಿಂದ ಹೊರಟ ಒಂದು ಸಣ್ಣ ಗುಂಪನ್ನು ಕಾವಲುಗಾರರು ಗದರಿಸಿ ಹಿಂದಕ್ಕಟ್ಟಿದರು. ನಾವು ಹತ್ತು ಪಟ್ಟು ಜನ ಬಂದಿದ್ದರೆ ಏನು ಮಾಡುತ್ತಿದ್ದರು ಎಂದು ಹುಡುಗರು ಲೆಕ್ಕ ಹಾಕಿದರು.

ಏಪ್ರಿಲ್ 24, ಭಾನುವಾರ. ಪೊಲೀಸರು ತಡೆಯಾಜ್ಞೆ ಹಿಡಿದು ಮ್ಯಾಂಚೆಸ್ಟರಿನ ರೈಲು ಸ್ಟೇಷನ್ನಿನಲ್ಲಿ ರಾಥ್‌ಮನ್‌ಗಾಗಿ ಕಾದು ನಿಂತಿದ್ದರು. ಅವರು ಸೈಕಲ್ಲಿನ ಮೇಲೆ ಹೇಫೀಲ್ಡ್ ಹಳ್ಳಿ ಮುಟ್ಟಿದ್ದರು! ಹಳ್ಳಿಯ ಆಚೆಯ ಒಂದು ಕಲ್ಲುಗಣಿಯಲ್ಲಿ ಸುಮಾರು 400 ಜನ ಸೇರಿದರು. ಮಾತಾಡಬೇಕಾಗಿದ್ದವನು ಅಷ್ಟು ಜನರನ್ನು ನೋಡಿ ಹಿಂಜರಿದ. ಆಗ 20 ವರ್ಷದ ಈ ಕುಳ್ಳ ಹುಡುಗನೇ ಬಂಡೆ ಹತ್ತಿ ಮಾತಾಡಿದರು. ಜನ ಬೆಟ್ಟ ಏರಿದರು. ಕಾವಲುಗಾರರೊಂದಿಗೆ ತಳ್ಳಾಟವಾಯಿತು, ಅವರಲ್ಲೊಬ್ಬನಿಗೆ ಪೆಟ್ಟಾಯಿತು. ಇದನ್ನು ಮುಚ್ಚಿಡಬೇಕಾಗಿಲ್ಲ. ಅವನೂ ಸಂಬಳಕ್ಕೆ ದುಡಿಯುವವನೇ.

ಇಳಿದು ಬಂದಾಗ ಪೊಲೀಸರು ಹಿಡಿದರು. ಬೇರೆಯವರ ನೆಲದ ಮೇಲೆ ನಡೆಯುವುದು ಅಲ್ಲಿ ಜೈಲಿಗೆ ಹಾಕುವಂಥ ಅಪರಾಧವಲ್ಲ. ಆದ್ದರಿಂದ ದೊಂಬಿಯ ಆಪಾದನೆ ಹೊರಿಸಿದರು. ಜುಲೈ ತಿಂಗಳಲ್ಲಿ ಡರ್ಬಿಯ ನ್ಯಾಯಾಲಯದಲ್ಲಿ ಐವರಿಗೆ ಎರಡರಿಂದ ಆರು ತಿಂಗಳ ಸಜೆಯಾಯಿತು. ರಾಥ್‌ಮನ್‌ಗೆ ನಾಲ್ಕು ತಿಂಗಳು. ನಡಿಗೆಯ ಹಳೆಯ ಸಂಘಗಳ ಮುಖಂಡರು ಈ ಹುಡುಗರು ಮಾತುಕತೆ ಕೆಡಿಸಿದರು ಎಂದು ದೂರಿದ್ದರು. ಆದರೆ ಆ ಶಿಕ್ಷೆ ಕಂಡ ಸಾಮಾನ್ಯ ಜನ ಬೇರೆ ರೀತಿ ಯೋಚಿಸಿದರು. ಅದೇ ವರ್ಷ ವಿನ್ನಟ್ಸ್ ಕಣಿವೆಯ ಸಭೆಗೆ ಸುಮಾರು 10,000 ಜನ ಬಂದರು.

ಅವರು ಕಮ್ಯೂನಿಸ್ಟರು, ನಾವು ಸಮಾಜವಾದಿಗಳು. ನಮ್ಮ ಜಗಳ ನಿಮಗೆ ಗೊತ್ತಿದ್ದದ್ದೇ. ಇವತ್ತಿನ ಮಟ್ಟಿಗೆ ಅದನ್ನು ಅಂಗಳದ ಹೊರಗೆ ಬಿಟ್ಟು ಬಂದಿದ್ದೇನೆ.

ಜೈಲಿನಿಂದ ಬಂದವರು ಮದುವೆಯಾದರು. ಹೆಂಡತಿ ಲಿಲಿ, ಒಬ್ಬ ಮಗ, ಒಬ್ಬಳು ಮಗಳು. ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಜೊತೆಗೆ ಯೂನಿಯನ್ನು. ಯೂನಿಯನ್ನಿನ ಕೆಲಸಕ್ಕಾಗಿ ಕೂಲಿಯನ್ನೂ ಕಳೆದುಕೊಂಡರು. ಸಂಸಾರಸ್ಥನ ಕೆಲಸ ಹೋಯಿತೆಂದರೆ ಅವನೊಬ್ಬನ ಕೆಲಸ ಹೋದಂತಲ್ಲ. ಸೇವೆ ಮಾಡಿದವನಿಗೆ ನಾವು ಹಾರ ಹಾಕುತ್ತೇವೆ. ಅವನು ಸಭೆಯಲ್ಲಿದ್ದ ಸಂಜೆ ಮನೆಯಲ್ಲಿ ನೀರು ಹೊತ್ತವರು ಯಾರು, ಅಂಗಡಿಯ ಸಾಲ ತೀರಿಸಿದವರು ಯಾರು ಎಂದು ಕೇಳುವುದಿಲ್ಲ. ಇಲ್ಲಿ ಕುಳಿತ ಎಷ್ಟೋ ಮಂದಿಯ ಮನೆಯಲ್ಲಿ ಇದರ ಉತ್ತರ ಗೊತ್ತಿದೆ. ಆ ತಾಯಂದಿರು ಇವತ್ತೂ ಇಲ್ಲಿಗೆ ಬಂದಿಲ್ಲ, ನೋಡಿ.

1949ರಲ್ಲಿ ಲೇಬರ್ ಸರ್ಕಾರ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ತಂದಿತು. 1951ರಲ್ಲಿ ಮೊದಲು ಘೋಷಿತವಾದದ್ದು ಕಿಂಡರ್ ಇರುವ ಪೀಕ್ ಡಿಸ್ಟ್ರಿಕ್ಟ್ ಸೀಮೆಯೇ. ಒಂದು ಭಾನುವಾರದ ನಡಿಗೆಯಿಂದಲೇ ಕಾಯಿದೆ ಬಂತು ಎಂದರೆ ಸುಳ್ಳಾದೀತು. ಹತ್ತಾರು ವರ್ಷ ಅರ್ಜಿ ಬರೆದವರ ಪಾಲೂ ಅದರಲ್ಲಿದೆ. ಬಯಲು, ಬೆಟ್ಟಗಳಲ್ಲಿ ನಡೆಯುವ ಹಕ್ಕು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಕಾನೂನಾಗಲು 2000ದವರೆಗೆ ಕಾಯಬೇಕಾಯಿತು. ರಾಥ್‌ಮನ್ ಮುದುಕರಾದ ಮೇಲೂ ಸುಮ್ಮನಿರಲಿಲ್ಲ. 1982ರಲ್ಲಿ ಆ ದಿನದ ಕಥೆಯನ್ನು ತಾವೇ ಪುಸ್ತಕ ಮಾಡಿದರು.

2002ರ ಜನವರಿಯಲ್ಲಿ, 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೂರು ತಿಂಗಳ ನಂತರ ಅದೇ ಬೆಟ್ಟದ ಬುಡದಲ್ಲಿ 70ನೆಯ ವರ್ಷದ ನೆನಪಿನ ಸಭೆ ನಡೆಯಿತು. ಅಂದಿನ ಜಮೀನುದಾರರಲ್ಲಿ ಒಬ್ಬರಾದ ಡೆವನ್‌ಶೈರ್ ಡ್ಯೂಕರ ಮೊಮ್ಮಗ ಅಲ್ಲಿಗೆ ಬಂದು, ಅಜ್ಜ ಮಾಡಿದ್ದು ತಪ್ಪೆಂದು ಎಲ್ಲರೆದುರು ಕ್ಷಮೆ ಕೇಳಿದರು. ಕೇಳಲು ರಾಥ್‌ಮನ್ ಇರಲಿಲ್ಲ.

ರೆಫರಿ ಆಗಲೇ ಎರಡು ಸಲ ಗಡಿಯಾರ ನೋಡಿದರು. ಸುಣ್ಣದ ಗೆರೆ ಎಳೆದಾಗಿದೆ. ಮೊದಲ ಪಂದ್ಯದವರು ಅಂಗಳಕ್ಕೆ ಇಳಿಯಲಿ.