ಮರದ ಬಿಲ್ಲೆ ಯಾಕೆ ಬಿರಿಯುತ್ತೆ?

ಪುಣೆಯಲ್ಲಿ ಬೆಳೆಯೋ ನಮ್ಮ ಮಕ್ಕಳು ಮನೇಲಿ ಕನ್ನಡ ಮಾತಾಡ್ತಾರೆ, ಶಾಲೇಲಿ ದೇವನಾಗರಿ ಬರೀತಾರೆ. ಕನ್ನಡ ಅವರಿಗೆ ಕೇಳೋ ಭಾಷೆಯಾಗಿಯೇ ಉಳಿದುಬಿಡುತ್ತೆ. ಅದಕ್ಕೆ ನಮ್ಮ ಮನೇಲಿ 49 ಮರದ ಬಿಲ್ಲೆ ಮಾಡಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆದೆವು. 13 ಸ್ವರ, 2 ಯೋಗವಾಹ, 34 ವ್ಯಂಜನ.

ಮೊದಲು ಮರದ ವಿಷಯ. ಇದಕ್ಕಾಗಿ ಕೊಂಬೆ ಕಡಿಯಬೇಡಿ. 1975ರ ಕಾಯ್ದೆ ಪ್ರಕಾರ ಸೊಸೈಟಿ ಒಳಗಿನ ಮರ ಕಡಿಯೋದಕ್ಕೂ ಪಾಲಿಕೆಯ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಮಳೆಗಾಲದಲ್ಲಿ ಬಿದ್ದ ಸುಬಾಬುಲ್, ಗ್ಲಿರಿಸಿಡಿಯಾ ಕೊಂಬೆಗಳೇ ಧಾರಾಳ.

ಈಗ ಮುಖ್ಯ ಪ್ರಶ್ನೆ: ಬಿಲ್ಲೆ ಯಾಕೆ ಬಿರಿಯುತ್ತೆ? ಒಣಗುವಾಗ ಮರ ಎಲ್ಲ ಕಡೆ ಒಂದೇ ಸಮ ಕುಗ್ಗೋದಿಲ್ಲ. ನಡುವಿನಿಂದ ತೊಗಟೆ ಕಡೆಗೆ ಕುಗ್ಗೋದಕ್ಕಿಂತ, ಉಂಗುರದ ಸುತ್ತ ಸುಮಾರು ಎರಡರಷ್ಟು ಕುಗ್ಗುತ್ತೆ. ಲೆಕ್ಕ ಹಾಕಿ ನೋಡಿ. ತ್ರಿಜ್ಯ ಶೇ. 4, ಸುತ್ತಳತೆ ಶೇ. 8 ಕುಗ್ಗಿತು ಅಂದ್ಕೊಳ್ಳಿ. 360 ಡಿಗ್ರಿ ತುಂಬಬೇಕಾದ ಮರ 345 ಡಿಗ್ರಿಗೇ ಮುಗಿಯುತ್ತೆ. ಉಳಿದ 15 ಡಿಗ್ರಿಯೇ ಆ ಬಿರುಕು! ಗರಗಸದ ತಪ್ಪಲ್ಲ, ಜ್ಯಾಮಿತಿ.

ಈ ಎಳೆತವನ್ನು ಪೂರ್ತಿ ತಪ್ಪಿಸೋಕಾಗಲ್ಲ, ಕಡಿಮೆ ಮಾಡಬಹುದು. ಎರಡು–ಮೂರು ಇಂಚಿನ ಕೊಂಬೆ ಆರಿಸಿ, ಒಂದು ಸೆಂಟಿಮೀಟರ್ ದಪ್ಪ ಕೊಯ್ಯಿರಿ. ಪೇಪರ್ ಚೀಲದಲ್ಲಿ ಹಾಕಿ ನೆರಳಲ್ಲಿ ನಿಧಾನಕ್ಕೆ ಒಣಗಿಸಿ. ಏಪ್ರಿಲ್ ಬಿಸಿಲಿಗಿಟ್ಟರೆ ಬಿರಿಯುತ್ತೆ, ಜುಲೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತೆ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡೀಲಿ ತೂಗಿ. ತೂಕ ಇಳಿಯೋದು ನಿಂತರೆ ಒಣಗಿದೆ ಅಂತ ಅರ್ಥ.

ಆಮೇಲೆ 80, 120, 220 ನಂಬರಿನ ಮರಳು ಕಾಗದದಲ್ಲಿ ಸರದಿಯಂತೆ ಉಜ್ಜಿ. ನೇರ ಬಣ್ಣ ಹಚ್ಚಿದರೆ ಮರ ಹೀರಿಕೊಂಡು ಅಕ್ಷರ ಹರಡುತ್ತೆ. ಚನ್ನಪಟ್ಟಣದಲ್ಲಿ ಚರಕಿಯ ಮೇಲೆ ತಿರುಗೋ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಅಂಟುತ್ತೆ. ನಮ್ಮ ಹತ್ರ ಚರಕಿ ಇಲ್ಲವಲ್ಲ, ಅದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಒಂದು ಕೈ ಬಳಿದು, ಒಣಗಿದ ಮೇಲೆ ಅಕ್ರಿಲಿಕ್‌ನಲ್ಲಿ ಬರೆಯಿರಿ.

ಒಂದು ಎಚ್ಚರಿಕೆ. ಮಕ್ಕಳು ಬಿರುಕು, ಗಂಟು ನೋಡಿಯೇ ‘ಇದು ಳ’ ಅಂತಾರೆ! ಅದು ಓದೋದಲ್ಲ, ಬಿಲ್ಲೆಯ ಗುರುತು. ಅದೇ ಅಕ್ಷರವನ್ನು ಕಾಗದದ ಮೇಲೂ ಬರೆಸಿ. ಆಮೇಲೆ ‘ಅಜ್ಜಿ’ ಜೋಡಿಸೋಕೆ ಹೇಳಿ. ‘ಜ್ಜಿ’ಗೆ ಬಿಲ್ಲೆ ಎಲ್ಲಿದೆ ಅಂತ ಕೇಳೇ ಕೇಳ್ತಾರೆ. ಒತ್ತಕ್ಷರದ ಪಾಠ ಅಲ್ಲಿಂದಲೇ ಶುರು ಮಾಡಿ.