ಮನೆಯ ಶೌಚಗುಂಡಿಗೆ ಏನೇನು ಬೇಕು?

(ಒಳರೋಗಿಗಳ ಬಂಧುಗಳಿಗಾಗಿ ನಡೆಯುವ ಆರೋಗ್ಯ ತಿಳಿವಳಿಕೆ ಕಾರ್ಯಕ್ರಮದಲ್ಲಿ ಶುಶ್ರೂಷಾ ಬೋಧಕಿಯವರು ಮಾಡಿದ ಉಪನ್ಯಾಸ)



ನರ್ಸಮ್ಮ ಮಾತ್ರೆಯ ಬಗ್ಗೆ, ಪಥ್ಯದ ಬಗ್ಗೆ ಹೇಳುವುದು ಬಿಟ್ಟು ಇಟ್ಟಿಗೆ, ಸಿಮೆಂಟು, ಪೈಪಿನ ಮಾತು ಆಡುತ್ತಾಳಲ್ಲ ಎಂದು ತಮಗೆ ಅನ್ನಿಸಬಹುದು. ಕಾರಣ ಇದೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ, ಜಂತುಹುಳು ಎಂದು ಬರುವ ಮಕ್ಕಳು ಇಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಗುಣವಾಗಿ ಹೋಗುತ್ತಾರೆ. ಆದರೆ ಮನೆಯ ಹಿತ್ತಲಿನ ಗುಂಡಿಯಿಂದ ಕುಡಿಯುವ ನೀರಿಗೆ ದಾರಿ ಇದ್ದರೆ ಅದೇ ಮಗು ಮತ್ತೆ ಬರುತ್ತದೆ. ಟೈಫಾಯ್ಡ್ ಜ್ವರ ಬಿಟ್ಟ ಮೇಲೂ ಕೆಲವರ ಮಲದಲ್ಲಿ ವಾರಗಟ್ಟಲೆ ರೋಗಾಣು ಹೋಗುತ್ತಿರುತ್ತದೆ. ಆ ಮಲ ಎಲ್ಲಿಗೆ ಹೋಗುತ್ತದೆ ಎಂಬುದು ಆಸ್ಪತ್ರೆಯ ಪ್ರಶ್ನೆಯೂ ಹೌದು.

ಮುರುಗಮಲ್ಲದ ಕಡೆಯಿಂದ, ಚಿಂತಾಮಣಿ ತಾಲ್ಲೂಕಿನ ಹಳ್ಳಿಗಳಿಂದ ಬಂದವರು ಇಲ್ಲಿ ಅನೇಕರಿದ್ದೀರಿ. ತಮ್ಮ ಊರಿನ ನೆಲ ತಮಗೆ ಗೊತ್ತು: ಮೇಲೆ ಒಂದಿಷ್ಟು ಕೆಂಪುಮಣ್ಣು, ಕೆಳಗೆ ಬಂಡೆ. ಬಂಡೆಯಲ್ಲಿ ಬಿರುಕುಗಳಿರುತ್ತವೆ. ಬೋರ್‌ವೆಲ್‌ಗೆ ನೀರು ಬರುವುದೂ ಆ ಬಿರುಕುಗಳಿಂದಲೇ. ಮಣ್ಣು ಕೊಳೆನೀರನ್ನು ಸೋಸುತ್ತದೆ, ಬಿರುಕು ಸೋಸುವುದಿಲ್ಲ. ಆದ್ದರಿಂದ ಗುಂಡಿ ಆಳವಾದಷ್ಟೂ ಒಳ್ಳೆಯದು ಎಂಬ ಮಾತು ನಮ್ಮ ಸೀಮೆಗೆ ಸಲ್ಲದು. ಹದಿನೈದು ಇಪ್ಪತ್ತು ಅಡಿ ಅಗೆದು, ಸಿಮೆಂಟ್ ರಿಂಗು ಇಳಿಸಿ, ಮೇಲೆ ಚಪ್ಪಡಿ ಮುಚ್ಚಿ ಅದನ್ನೇ ‘ಸೆಪ್ಟಿಕ್ ಟ್ಯಾಂಕ್’ ಎಂದು ಕರೆಯುವ ರೂಢಿ ಇದೆ. ಅದು ಸೆಪ್ಟಿಕ್ ಟ್ಯಾಂಕ್ ಅಲ್ಲ, ಬರೀ ಆಳದ ಗುಂಡಿ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಬತ್ತಿದ ಬೋರ್‌ವೆಲ್ಲಿಗೋ ಹಾಳುಬಾವಿಗೋ ಶೌಚದ ಪೈಪನ್ನು ಎಂದಿಗೂ ಬಿಡಬೇಡಿ. ಅದು ಊರಿನವರೆಲ್ಲರ ನೀರಿಗೆ ನೇರವಾಗಿ ಮಲ ಸುರಿದಂತೆ.

ಹಾಗಾದರೆ ಯಾವುದನ್ನು ಕಟ್ಟಿಸಬೇಕು? ಐದಾರು ಜನರ ಮನೆಗೆ, ಸ್ವಲ್ಪ ಹಿತ್ತಲಿದ್ದರೆ, ನನ್ನ ಮಟ್ಟಿಗೆ ಎರಡು ಗುಂಡಿಯ ಶೌಚಾಲಯವೇ ಮೇಲು. ಖರ್ಚು ಕಡಿಮೆ, ಗಾಡಿ ತರಿಸಿ ಹೀರಿಸುವ ತೊಂದರೆಯೂ ಇಲ್ಲ. ಮೂರು ಅಡಿ ಅಗಲದ, ಒಂದು ಅಡಿ ಎತ್ತರದ ರಿಂಗು ಗುಂಡಿಗೆ ನಾಲ್ಕರಂತೆ ಎಂಟು ಬೇಕು. ಕೊಳ್ಳುವಾಗ ತೂತು ಇರುವ ರಿಂಗನ್ನೇ ಕೇಳಿ. ಮೇಲಿನ ಒಂದೊಂದು ಮಾತ್ರ ತೂತಿಲ್ಲದ್ದು ಇರಲಿ. ಇಟ್ಟಿಗೆಯಲ್ಲಿ ಕಟ್ಟಿಸುವುದಾದರೆ ಜೇನುಗೂಡಿನಂತೆ ಸಂದು ಬಿಟ್ಟು ಕಟ್ಟಿಸಿ. ತಳಕ್ಕೆ ಗಾರೆ ಬೇಡ, ನೀರು ಮಣ್ಣಿಗೆ ಇಂಗಬೇಕು. ಗುಂಡಿಗಳ ನಡುವೆ ಕನಿಷ್ಠ ಮೂರು ಅಡಿ ಅಂತರವಿರಲಿ. ಮುಚ್ಚಲು ಎರಡು ಮುಚ್ಚಳ, ನಾಲ್ಕು ಇಂಚಿನ ಪಿವಿಸಿ ಪೈಪು, ಎರಡು ಕಡೆಗೆ ದಾರಿ ಒಡೆಯುವ ಒಂದು ಸಣ್ಣ ಚೇಂಬರ್ ಸಾಕು. ಒಂದು ಗುಂಡಿಯ ದಾರಿಯನ್ನು ಇಟ್ಟಿಗೆ ಚೂರಿನಿಂದ ಮುಚ್ಚಿ ಇನ್ನೊಂದನ್ನು ಬಳಸಬೇಕು. ಸುಮಾರು ಮೂರು ವರ್ಷಕ್ಕೆ ಅದು ತುಂಬಿದಾಗ ದಾರಿ ಬದಲಿಸಿ, ತುಂಬಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಮಲ ಮಣ್ಣಿನಂತಾಗುತ್ತದೆ. ವಾಸನೆ ಇರುವುದಿಲ್ಲ. ಅಗೆದು ಹೊಲಕ್ಕೆ ಗೊಬ್ಬರವಾಗಿ ಹಾಕಬಹುದು. ಗುಂಡಿ ಬದಲಿಸಿದ ತಿಂಗಳು, ವರ್ಷವನ್ನು ಶೌಚಾಲಯದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಡಿ. ಎರಡು ವರ್ಷದ ಲೆಕ್ಕ ಬಾಯಲ್ಲಿ ನಿಲ್ಲುವುದಿಲ್ಲ.

ಈ ಪದ್ಧತಿಗೆ ಪ್ಯಾನ್ ಕೂಡ ಬೇರೆ. ಇಳಿಜಾರು ಹೆಚ್ಚಿರುವ ಗ್ರಾಮೀಣ ಪ್ಯಾನ್ ಎಂದು ಕೇಳಿ. ಒಂದೂವರೆ ಎರಡು ಲೀಟರ್ ನೀರಿಗೆ ಚೊಕ್ಕಟವಾಗುತ್ತದೆ. ಸೊಂಟದ ಮೂಳೆ, ಮಂಡಿ ಶಸ್ತ್ರಚಿಕಿತ್ಸೆಯಾದ ಹಿರಿಯರು ಮನೆಗೆ ಹೋಗುತ್ತಿದ್ದರೆ ಅವರಿಗೆ ಎತ್ತರದ ಕಮೋಡು, ಗೋಡೆಗೆ ಭದ್ರವಾದ ಹಿಡಿಕಂಬಿ ಬೇಕೇ ಬೇಕು. ಇದನ್ನು ಬಿಡುಗಡೆಗೆ ಮುಂಚೆಯೇ ಯೋಚಿಸಿ.

ಕೆರೆಯ ಕೆಳಗಿನ ಮನೆಗಳಲ್ಲಿ ನೆಲದ ನೀರು ಮೇಲೇ ಇರುತ್ತದೆ, ಅಲ್ಲಿ ಇಂಗುವ ಗುಂಡಿ ಸರಿಹೋಗದು. ಮನೆಯಲ್ಲಿ ಜನ ಹೆಚ್ಚಿದ್ದರೂ ಸೆಪ್ಟಿಕ್ ಟ್ಯಾಂಕೇ ಬೇಕಾದೀತು. ಅದಕ್ಕೆ ಭಾರತೀಯ ಮಾನಕ ಸಂಸ್ಥೆಯ ಅಳತೆ ಇದೆ, ಐ.ಎಸ್. 2470 ಎಂದು ಅದರ ಸಂಖ್ಯೆ. ಐದು ಜನರಿಗೆ ಒಳಗಳತೆ 5 ಅಡಿ ಉದ್ದ, ಎರಡೂವರೆ ಅಡಿ ಅಗಲ, ನೀರು ನಿಲ್ಲುವ ಆಳ ಮೂರೂವರೆ ಅಡಿ, ಅದರ ಮೇಲೆ ಒಂದು ಅಡಿ ಖಾಲಿ ಜಾಗ. ಹತ್ತು ಜನರಿಗೆ ಆರೂವರೆ ಅಡಿ ಉದ್ದ, 3 ಅಡಿ ಅಗಲ, ನೀರಿನ ಆಳ ನಾಲ್ಕೂವರೆ ಅಡಿಗಿಂತ ತುಸು ಹೆಚ್ಚು. ಎರಡು ವರ್ಷಕ್ಕೊಮ್ಮೆ ಖಾಲಿ ಮಾಡಿಸುವ ಲೆಕ್ಕವಿದು. ನೋಡಿ, ಎಷ್ಟು ಚಿಕ್ಕದು! ಕೋಣೆಯಷ್ಟು ದೊಡ್ಡ ಟ್ಯಾಂಕು ಕಟ್ಟಿಸಿ ಸಾಲ ಮಾಡಿಕೊಳ್ಳಬೇಕಾಗಿಲ್ಲ. ಆದರೆ ಬಚ್ಚಲ ನೀರು, ಬಟ್ಟೆ ಒಗೆದ ನೀರು ಅದಕ್ಕೆ ಸೇರಕೂಡದು. ಸೇರಿದರೆ ಮಲ ಕೆಳಗೆ ಕೂರುವ ಮುಂಚೆಯೇ ಹೊರಗೆ ತಳ್ಳಿಬಿಡುತ್ತದೆ.

ಸಾಮಾನಿಗೆ ಬರೋಣ. ಐದು ಜನರ ಟ್ಯಾಂಕಿಗೆ ಆರು ಇಂಚಿನ ಸಾಲಿಡ್ ಬ್ಲಾಕು ಸುಮಾರು ನೂರು. ತಳಕ್ಕೆ ಕಾಂಕ್ರೀಟು ಹಾಕಲು ಜಲ್ಲಿ, ಎಂ-ಸ್ಯಾಂಡು, ಸಿಮೆಂಟು. ಒಳಗೋಡೆಗೆ ನೀರು ಸೋರದ ಪುಡಿ ಬೆರೆಸಿದ ಗಾರೆ. ಮೇಲೆ ಮುಚ್ಚಲು ನಮ್ಮಲ್ಲೇ ಸಿಗುವ ಕಲ್ಲುಚಪ್ಪಡಿ ಗಟ್ಟಿ, ಅಗ್ಗ. ಒಂದು ಚಪ್ಪಡಿಗೆ ಎತ್ತಲು ಬಳೆ ಹಾಕಿಸಿ. ಒಳಬರುವ ಕಡೆ ಒಂದು, ಹೊರಹೋಗುವ ಕಡೆ ಒಂದು ನಾಲ್ಕು ಇಂಚಿನ ‘ಟೀ’ ಬೇಕು. ಇದು ಕಡಿಮೆ ಬೆಲೆಯ ಪ್ಲಾಸ್ಟಿಕ್ ತುಂಡು, ಆದರೆ ಬಹಳ ಮೇಸ್ತ್ರಿಗಳು ಬಿಟ್ಟುಬಿಡುವುದು ಇದನ್ನೇ. ಟೀಯ ಕೆಳಗಿನ ಕಾಲು ನೀರೊಳಗೆ ಒಂದು ಅಡಿ ಮುಳುಗಿರಬೇಕು. ಆಗ ಮೇಲೆ ತೇಲುವ ಕೆನೆ ಹೊರಗೆ ಹೋಗುವುದಿಲ್ಲ. ಹೊರದಾರಿ ಒಳದಾರಿಗಿಂತ ಎರಡು ಇಂಚು ಕೆಳಗಿರಲಿ. ಟ್ಯಾಂಕಿನ ಮೂರನೇ ಎರಡು ಭಾಗದಲ್ಲಿ, ನಡುವೆ ಕಿಂಡಿ ಇರುವ ಅಡ್ಡಗೋಡೆ ಹಾಕಿಸಿದರೆ ಇನ್ನೂ ಒಳ್ಳೆಯದು. ಮನೆಯಿಂದ ಬರುವ ಪೈಪಿಗೆ ಹತ್ತು ಅಡಿಗೆ ಮೂರು ಇಂಚಿನ ಇಳಿಜಾರು ಸಾಕು. ಗಾಳಿಪೈಪು ಎರಡು ಇಂಚಿನದು, ಮನೆಯ ಛಾವಣಿಗಿಂತ ಆರು ಅಡಿ ಎತ್ತರ. ಅದರ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ, ಆನೆಕಾಲು ರೋಗ ಹರಡುವ ಜಾತಿಯ ಸೊಳ್ಳೆ ಮೊಟ್ಟೆಯಿಡಲು ಇಂಥ ಕೊಳಕು ನೀರನ್ನೇ ಹುಡುಕುತ್ತದೆ.

ಕಟ್ಟಿದ ಮೇಲೆ ಟ್ಯಾಂಕಿಗೆ ನೀರು ತುಂಬಿ ಒಂದು ಹಗಲು ಒಂದು ರಾತ್ರಿ ಬಿಡಿ. ಮಟ್ಟ ಇಳಿದರೆ ಸೋರುತ್ತಿದೆ ಎಂದರ್ಥ. ಮೇಸ್ತ್ರಿಗೆ ಪೂರ್ತಿ ಕೂಲಿ ಕೊಡುವುದು ಈ ಪರೀಕ್ಷೆಯಾದ ಮೇಲೆ. ಹಳೆಯ ಸಗಣಿ ಒಂದು ಬುಟ್ಟಿ ಹಾಕಿದರೆ ತಪ್ಪಿಲ್ಲ. ಆಸಿಡ್ಡು, ಫಿನಾಯಿಲು ಮಾತ್ರ ದಿನಾ ಸುರಿಯಬೇಡಿ, ಮಲ ಕರಗಿಸುವ ಜೀವಾಣುಗಳು ಸಾಯುತ್ತವೆ.

ಟ್ಯಾಂಕಿನಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ರೋಗಾಣುಗಳಿಂದ ತುಂಬಿರುತ್ತದೆ. ಅದನ್ನು ಬೀದಿಯ ಚರಂಡಿಗೆ ಬಿಡುವುದು ಎದುರುಮನೆಯ ಮಗುವಿಗೆ ಕಾಯಿಲೆ ಕೊಟ್ಟಂತೆ. ಮೂರು ಅಡಿ ಅಗಲದ ಇಂಗುಗುಂಡಿ ತೋಡಿಸಿ, ಪೈಪಿನ ಮಟ್ಟದಿಂದ ಕೆಳಗೆ ಮೂರೂಕಾಲು ಅಡಿಯಾದರೂ ಆಳವಿರಲಿ. ಒಡಕು ಇಟ್ಟಿಗೆ, ದಪ್ಪ ಜಲ್ಲಿ ತುಂಬಿಸಿ ಮುಚ್ಚಿಸಿ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್ಲಿನಿಂದ ಅದು 60 ಅಡಿ ದೂರವಿರಬೇಕು. ಮನೆಯ ಸಂಪನ್ನೂ ಮರೆಯಬೇಡಿ. ಗುಂಡಿಯ ಪಕ್ಕದಲ್ಲೇ ಸಂಪು ಇದ್ದು, ಅದರ ಗೋಡೆ ಬಿರುಕು ಬಿಟ್ಟಿದ್ದರೆ ನಲ್ಲಿಯಲ್ಲಿ ಬಂದ ಶುದ್ಧ ನೀರೂ ಅಲ್ಲೇ ಕೆಡುತ್ತದೆ.

ಈಗ ಬಹಳ ಗಂಭೀರವಾದ ಮಾತು. ಟ್ಯಾಂಕು ತುಂಬಿದಾಗ ಮನುಷ್ಯರನ್ನು ಇಳಿಸಬೇಡಿ, ತಾವೂ ಇಳಿಯಬೇಡಿ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡುತ್ತದೆ. ನಾಲ್ಕು ಉಸಿರಿಗೆ ಮನುಷ್ಯ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಯಾರಾದರೂ ಬಿದ್ದರೆ ಎಲ್ಲ ಚಪ್ಪಡಿ ತೆಗೆದು ಗಾಳಿಯಾಡಲು ಬಿಡಿ, ಹಗ್ಗ ಎಸೆಯಿರಿ, 112ಕ್ಕೆ, 108ಕ್ಕೆ ಕರೆ ಮಾಡಿ. ತಮ್ಮನೋ ಮಗನೋ ಬಿದ್ದಿದ್ದರೂ ಹಿಂದೆಯೇ ಧುಮುಕಬೇಡಿ. ಈ ಮಾತು ಕಠಿಣವೆಂದು ಬಲ್ಲೆ, ಆದರೂ ಹೇಳಲೇಬೇಕು.

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. 2013ರ ಕೇಂದ್ರ ಕಾಯ್ದೆಯಂತೆ, ರಕ್ಷಣೆಯ ಸಾಧನಗಳಿಲ್ಲದೆ ಟ್ಯಾಂಕಿಗೆ ಮನುಷ್ಯರನ್ನು ಇಳಿಸಿ ಶುಚಿ ಮಾಡಿಸಿದವರಿಗೆ ಮೊದಲ ಸಲವೇ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಕೂಲಿ ಕಡಿಮೆಯೆಂದು ಬಡವನೊಬ್ಬನನ್ನು ಕರೆಯುವ ಮುಂಚೆ ಇದು ನೆನಪಿರಲಿ. ಹೀರುವ ಯಂತ್ರದ ಗಾಡಿಯನ್ನೇ ಕರೆಸಿ. ಗಾಡಿಯವರು ಹೀರಿದ್ದನ್ನು ಎಲ್ಲಿ ಸುರಿಯುತ್ತಾರೆ ಎಂದೂ ಕೇಳಿ. ಕೆರೆಯಂಗಳ ಎಂದರೆ ಬೇಡ ಎನ್ನಿ. ನಮ್ಮ ಪಕ್ಕದ ದೇವನಹಳ್ಳಿಯಲ್ಲಿ 2015ರಲ್ಲಿ ಇಂಥ ಹೂಳನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಶುರುವಾಯಿತು. ದೇಶದಲ್ಲೇ ಮೊದಲನೆಯವುಗಳಲ್ಲಿ ಅದೊಂದು.

ಹಣದ ವಿಷಯ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಮಿಷನ್ ಆರಂಭವಾದಾಗ ಹಳ್ಳಿಯ ಮನೆ ಶೌಚಾಲಯಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ಗೊತ್ತಾಯಿತು. ಈಗ ತಮಗೆ ಎಷ್ಟು ಸಿಗುತ್ತದೆ, ಯಾವ ಕಾಗದ ಬೇಕು ಎಂಬುದನ್ನು ಪಂಚಾಯಿತಿಯ ಪಿಡಿಒ ಅವರಲ್ಲಿ ಕೆಲಸ ಆರಂಭಿಸುವ ಮುಂಚೆಯೇ ಕೇಳಿ. ಕಟ್ಟಿದ ಮೇಲೆ ಕೇಳಿದರೆ ಕಷ್ಟ.

ಸಾಮಾನಿನ ಪಟ್ಟಿ, ಅಳತೆಯ ಚಿತ್ರ ಇರುವ ಚೀಟಿ ನನ್ನ ಮೇಜಿನ ಮೇಲಿದೆ, ಬಿಡುಗಡೆಯ ದಿನ ಕೇಳಿ ಪಡೆಯಿರಿ. ಮನೆಯಲ್ಲಿ ತೆಲುಗು ಮಾತಾಡುವವರು ಸಂಕೋಚಪಡಬೇಡಿ, ತೆಲುಗಿನಲ್ಲೇ ವಿವರಿಸುತ್ತೇನೆ. ಮೇಸ್ತ್ರಿಯವರು ರೋಗಿಯನ್ನು ನೋಡಲು ಬಂದಾಗ ಅವರನ್ನೂ ಕರೆತನ್ನಿ. ಟೀ ಪೈಪಿನ ವಿಷಯ ಅವರಿಗೇ ನೇರವಾಗಿ ಹೇಳಿಬಿಡುತ್ತೇನೆ.